ಹಳೆಯ ರೆವಿನ್ಯೂ ಸ್ಟಾಂಪಿನ ಕಾಗದವನ್ನು ಗುರುತಿಸುವ ಬಗೆ

ಬೆಂಗಳೂರಿನ ಅವೆನ್ಯೂ ರಸ್ತೆಯ ಹಳೆ ಪುಸ್ತಕದಂಗಡಿಯಲ್ಲೋ ಮನೆಯ ಅಟ್ಟದ ಟ್ರಂಕಿನಲ್ಲೋ ಹಳೆಯ ಸಾಲಪತ್ರ ಸಿಕ್ಕರೆ, ಅದಕ್ಕೆ ಅಂಟಿಸಿರುವ ಸ್ಟಾಂಪನ್ನು ಬಿಡಿಸಲೆಂದು ಕೂಡಲೇ ನೀರಿಗೆ ಹಾಕಬಾರದು. ಬಳಸಿದ ಸ್ಟಾಂಪನ್ನು ತೊಳೆದು ಮತ್ತೆ ಬಳಸುವುದನ್ನು ತಡೆಯಲೆಂದೇ ಹತ್ತೊಂಬತ್ತನೆಯ ಶತಮಾನದಲ್ಲಿ ನೀರು ತಗುಲಿದರೆ ಕದಡುವ ಶಾಯಿಯನ್ನು ಬಳಸುತ್ತಿದ್ದರು. ಆದ್ದರಿಂದ ಮೊದಲ ಪರೀಕ್ಷೆಗಳೆಲ್ಲ ಒಣಗಿದ ಸ್ಥಿತಿಯಲ್ಲೇ ನಡೆಯಬೇಕು.

ಬಿಡಿ ಸ್ಟಾಂಪನ್ನು ಚಿಮಟದಲ್ಲಿ ಹಿಡಿದು ಬೆಳಕಿಗೆ ಎದುರಾಗಿ ನೋಡಿ. ಒತ್ತೊತ್ತಾದ ಸಮಾನಾಂತರ ಗೆರೆಗಳು ಕಂಡರೆ ಅದು ಲೇಯ್ಡ್ ಕಾಗದ. ಗೆರೆಗಳಿಲ್ಲದೆ ಒಂದೇ ಹದದ ಸಣ್ಣ ಹೆಣಿಗೆಯಂತೆ ಕಂಡರೆ ವೋವ್ ಕಾಗದ. ಲೇಯ್ಡ್ ಕಾಗದದಲ್ಲಿ ಇವನ್ನು ಅಡ್ಡಹಾಯುವ ಅಗಲ ಅಂತರದ ಗೆರೆಗಳೂ ಇರುತ್ತವೆಯಾದರೂ, ಸ್ಟಾಂಪು ಪುಟ್ಟದಾದ್ದರಿಂದ ಅವು ಅದರಲ್ಲಿ ಬಿದ್ದಿರದೇ ಹೋಗಬಹುದು.

ಕಾಗದ ಕೊಡುವ ಸಾಕ್ಷಿಗಳಲ್ಲೇ ಹೆಚ್ಚು ನಂಬಬಹುದಾದದ್ದು ವಾಟರ್‌ಮಾರ್ಕ್, ಅಂದರೆ ಕಾಗದ ತಯಾರಿಸುವಾಗಲೇ ಅದರೊಳಗೆ ತೆಳುವಾಗಿ ಮೂಡಿಸಿದ ಗುರುತು. 1906ರಿಂದ ಅರ್ಧ ಆಣೆ ಮತ್ತು ಒಂದು ಆಣೆಯ ಅಂಚೆಚೀಟಿಗಳೇ ರೆವಿನ್ಯೂಗೂ ಬಳಕೆಯಾದ್ದರಿಂದ ಅಂಚೆಚೀಟಿಯ ವಾಟರ್‌ಮಾರ್ಕನ್ನೂ ತಿಳಿದಿರಬೇಕು. ಐದನೆಯ ಜಾರ್ಜ್ ಕಾಲದ ಅಂಚೆಚೀಟಿಗಳಲ್ಲಿ ಲಂಡನ್ನಿನ ಮುದ್ರಣಕ್ಕೆ ಒಂಟಿ ನಕ್ಷತ್ರವಿದ್ದರೆ, 1926ರಿಂದ ನಾಸಿಕದ ಮುದ್ರಣಕ್ಕೆ ಸಾಲುಸಾಲಾದ ನಕ್ಷತ್ರಗಳಿವೆ. ಬೆಳಕಿನಲ್ಲಿ ಕಾಣದಿದ್ದರೆ, ಸ್ಟಾಂಪನ್ನು ಕಪ್ಪು ತಟ್ಟೆಯಲ್ಲಿ ಮುಖ ಕೆಳಗಾಗಿಟ್ಟು ಸಿಗರೇಟ್ ಲೈಟರಿಗೆ ತುಂಬುವ ಪೆಟ್ರೋಲಿನಂಥ ದ್ರವದ ಕೆಲವು ಹನಿ ಹಾಕಿ. ಕಾಗದ ತೆಳುವಾಗಿರುವ ಕಡೆ ಗುರುತು ಕಪ್ಪಾಗಿ ಮೂಡುತ್ತದೆ. ಬೆಂಕಿಯಿಂದ ದೂರ, ಗಾಳಿಯಾಡುವ ಕಡೆ ಇದನ್ನು ಮಾಡಬೇಕು. ಕೆಲವು ಶಾಯಿಗಳು ಈ ದ್ರವದಲ್ಲೂ ಕರಗುವುದರಿಂದ ಹರಿದ ಸ್ಟಾಂಪಿನ ಮೇಲೆ ಮೊದಲು ಪರೀಕ್ಷಿಸಿಕೊಳ್ಳಿ.

ಸುಣ್ಣದ ಲೇಪವಿರುವ ಕಾಗದವನ್ನು ಓರೆಯಾಗಿ ಹಿಡಿದರೆ ನಯವಾದ ಹೊಳಪು ಕಾಣುತ್ತದೆ, ಭೂತಗನ್ನಡಿಯಲ್ಲಿ ಸವೆದ ಕಡೆ ಲೇಪ ಎದ್ದಿರುವುದೂ ಗೋಚರಿಸುತ್ತದೆ. ಬೆಳ್ಳಿಯ ತುದಿಯಿಂದ ಗೀರಿ ನೋಡುವ ಹಳೆಯ ಪದ್ಧತಿ ಕಪ್ಪು ಗೆರೆಯನ್ನು ಶಾಶ್ವತವಾಗಿ ಉಳಿಸುತ್ತದೆ. ದಯವಿಟ್ಟು ಅದನ್ನು ಮಾಡಬೇಡಿ.

ಕಾಗದದ ದಪ್ಪವನ್ನು ಮೈಕ್ರೋಮೀಟರ್ ಎಂಬ ಉಪಕರಣದಿಂದ ಹಲವು ಕಡೆ ಅಳೆಯಿರಿ. ಹಿಂದಿನ ಅಂಟು ಮತ್ತು ಅಂಟಿಕೊಂಡ ಕಾಗದದ ತುಣುಕು ಅಳತೆಯನ್ನು ಹೆಚ್ಚಿಸುತ್ತವೆ. ಬೆಂಗಳೂರಿನ ಮಳೆಗಾಲದ ತೇವವೂ ಕಾಗದವನ್ನು ಸ್ವಲ್ಪ ಹಿಗ್ಗಿಸುತ್ತದೆ. ಹೋಲಿಸುವ ಎರಡನ್ನೂ ಒಂದೇ ದಿನ, ಒಣಹವೆಯಲ್ಲಿ ಅಳೆಯುವುದು ಒಳ್ಳೆಯದು. ಚಹಾ ಬಣ್ಣಕ್ಕೆ ತಿರುಗಿದ ಕಾಗದವನ್ನು ಬೇರೆ ಬಗೆಯೆಂದು ಎಣಿಸಬೇಡಿ. ಅದು ವಯಸ್ಸು ಮತ್ತು ಆಮ್ಲದ ಕೆಲಸ.

ಕಾಗದವನ್ನು ಬೆಳ್ಳಗೆ ಹೊಳೆಯಿಸುವ ರಾಸಾಯನಿಕಗಳು ಸುಮಾರು 1950ರಿಂದೀಚೆಗೆ ಸಾಮಾನ್ಯವಾದವು. ಆದ್ದರಿಂದ 1880ರ ಸ್ಟಾಂಪು ಅತಿನೇರಳೆ ದೀಪದಲ್ಲಿ ನೀಲಿ ಬಿಳುಪಾಗಿ ಬೆಳಗಿದರೆ, ತೇಪೆ ಹಾಕಿರುವುದು, ಸಾಬೂನಿನ ಪುಡಿಯಲ್ಲಿ ತೊಳೆದಿರುವುದು ಇಲ್ಲವೇ ನಕಲು ಎಂದು ಅನುಮಾನಿಸಬೇಕು.