ರೈತ ಮಗನಿಗೆ ಹೆಣ್ಣು ಕೇಳಲು ಹೊರಡುವ ಮುನ್ನ

ಮೊದಲು ಬಾಯಿಂದ ಒಂದು ಮಾತನ್ನು ತೆಗೆದುಹಾಕಿ. "ಹುಡುಗ ಏನು ಮಾಡುತ್ತಾನೆ?" ಎಂದು ಕೇಳಿದರೆ "ಏನಿಲ್ಲ, ಊರಲ್ಲೇ ಬೇಸಾಯ ಮಾಡಿಕೊಂಡಿದ್ದಾನೆ" ಎನ್ನುತ್ತೇವಲ್ಲ, ಆ "ಏನಿಲ್ಲ". ಮೊದಲ ಎರಡು ಮನೆಗಳಲ್ಲಿ ನಾನೂ ಹಾಗೆಯೇ ಹೇಳಿ ಬಂದೆ. ಹೆತ್ತ ತಾಯಿಯೇ ಹಾಗೆಂದರೆ ಅವರು ಇನ್ನೇನು ತಿಳಿದಾರು? "ರೇಷ್ಮೆ ಬೆಳೆಯುತ್ತಾನೆ, ಒಂದು ಎಕರೆ ಹಿಪ್ಪುನೇರಳೆ ಇದೆ, ಎರಡು ಹಸು ಕಟ್ಟಿದ್ದೇವೆ" ಎಂದು ನೇರವಾಗಿ ಹೇಳಿ.

1980ರಲ್ಲಿ ರೈತ ಸಂಘ ಹುಟ್ಟಿತು. ಆಮೇಲೆ ನಮ್ಮ ಮಾವನವರು ಹಸಿರು ಶಾಲು ಹೊದ್ದು ತಾಲ್ಲೂಕು ಕಚೇರಿಗೆ ಹೋದರೆ ಕುರ್ಚಿ ಕೊಟ್ಟು ಮಾತನಾಡಿಸುತ್ತಿದ್ದರಂತೆ. ಅದೇ ಮನೆಯ ಮೊಮ್ಮಗನಿಗೆ ಈಗ ಹೆಣ್ಣು ಸಿಗುತ್ತಿಲ್ಲ. 2023ರ ಫೆಬ್ರುವರಿಯಲ್ಲಿ ನಮ್ಮ ಮಂಡ್ಯ ಜಿಲ್ಲೆಯ ಹುಡುಗರು ಮದುವೆಯಾಗಲೆಂದು ಬೇಡಿಕೊಂಡು ಮಲೆ ಮಹದೇಶ್ವರ ಬೆಟ್ಟಕ್ಕೆ ಪಾದಯಾತ್ರೆ ಹೋದರು. ಕೇಳಿದವರು ನಕ್ಕರು, ನನಗೆ ಕರುಳು ಹಿಂಡಿದಂತಾಯಿತು.

ಎರಡನೆಯದು ಲೆಕ್ಕ. ಚಾಕಿ ಹುಳು, ಅಂದರೆ ಎಳೆಯ ರೇಷ್ಮೆ ಹುಳು, ತಂದ ದಿನ, ಸೊಪ್ಪು ಕೊಯ್ದವರ ಕೂಲಿ, ರಾಮನಗರದ ಮಾರುಕಟ್ಟೆಯಲ್ಲಿ ಗೂಡಿಗೆ ಸಿಕ್ಕ ದರ, ಡೈರಿಯ ಬಟವಾಡೆ, ಎಲ್ಲವನ್ನೂ ಆಯಾ ದಿನವೇ ಬರೆದಿಡಿ. ಮನೆಯವರ ದುಡಿಮೆಗೂ ಕೂಲಿ ಹಾಕಿ. ಕಳೆದ ವರ್ಷ ನಮ್ಮ ಐದು ಬೆಳೆಯಲ್ಲಿ ಒಂದು ಹಾಲುತೊಂಡೆ ರೋಗಕ್ಕೆ ಹೋಯಿತು. ನಾಲ್ಕನೇ ಜ್ವರ (ಹುಳು ಮೇವು ಬಿಟ್ಟು ಪೊರೆ ಕಳಚುವ ಹೊತ್ತು) ಮುಗಿಸಿ ಎದ್ದ ಹುಳುಗಳು ಮೈ ಊದಿಕೊಂಡು, ಮುಟ್ಟಿದರೆ ಹಾಲಿನಂಥ ನೀರು ಸುರಿಸಿ ಸತ್ತವು; ಬುಟ್ಟಿಗಟ್ಟಲೆ ಹೊತ್ತು ಗುಂಡಿಗೆ ಹಾಕಿದೆವು. ಆ ಪುಟದಲ್ಲಿ ಖರ್ಚು ಮಾತ್ರ ಇದೆ, ಅದನ್ನೂ ತೋರಿಸುತ್ತೇನೆ. ಸಾಲವನ್ನೂ ಬರೆಯಿರಿ. ಮುಚ್ಚಿಟ್ಟ ಸಾಲ ಮದುವೆಯಾದ ತಿಂಗಳಿಗೇ ಹೊರಬೀಳುತ್ತದೆ.

ಮನೆ ನೋಡಲು ಬಂದವರನ್ನು ಊಟಕ್ಕೆ ಕೂರಿಸುವ ಮುಂಚೆ ಹುಳು ಸಾಕುವ ಮನೆಗೆ ಕರೆದುಕೊಂಡು ಹೋಗಿ. ಬಾಗಿಲಲ್ಲಿ ಸುಣ್ಣ, ಬ್ಲೀಚಿಂಗ್ ಪುಡಿಯ ಮೇಲೆ ಕಾಲಿಟ್ಟೇ ಒಳಗೆ ಬರಲಿ, ಬೀಗರಾಗುವವರಾದರೂ ಸರಿ. ಏಕೆಂದು ಹುಡುಗನೇ ವಿವರಿಸಲಿ. ನೀವು ಸುಮ್ಮನಿರಿ.

ಇನ್ನು ಹುಡುಗಿಯ ವಿಷಯ. ನನ್ನ ಮಗಳನ್ನು ಕೊಡುವಾಗ ನಾನು ಕೇಳಿದ್ದೂ ಹುಡುಗನ ಸಂಬಳವನ್ನೇ. ನಸುಕಿನಲ್ಲೆದ್ದು ಸೊಪ್ಪು ಕೊಯ್ಯುವ ನನ್ನ ಪಾಡು ಅವಳಿಗೆ ಬೇಡವೆನಿಸಿತ್ತು. ಹಾಗಾಗಿ ಬೇಸಾಯಗಾರ ಬೇಡವೆನ್ನುವ ಹುಡುಗಿಯನ್ನು ಸೊಕ್ಕಿನವಳು ಎನ್ನಬೇಡಿ; ಅವಳು ತನ್ನ ತಾಯಿಯನ್ನು ನೋಡಿ ಬೆಳೆದಿದ್ದಾಳೆ. ಮೂವತ್ತು ವರ್ಷ ಹುಳು ಸಾಕಿದ ನನ್ನ ಹೆಸರು ಪಹಣಿಯಲ್ಲಿಲ್ಲ. ಅರ್ಜಿಯಲ್ಲಿ ಉದ್ಯೋಗ ಎಂದಿರುವ ಕಡೆ "ಗೃಹಿಣಿ" ಎಂದೇ ಬರೆಸಿಕೊಂಡು ಬಂದಿದ್ದೇನೆ. ಸೊಸೆಗೆ ಹಾಗಾಗಬಾರದು. ಡೈರಿಯ ಸದಸ್ಯತ್ವ ಅವಳ ಹೆಸರಿಗೆ ಮಾಡಿಸುತ್ತೇವೆ, ಹಾಲಿನ ದುಡ್ಡು ಅವಳ ಖಾತೆಗೇ ಬರುತ್ತದೆ, ಓದಿದ್ದರೆ ಕೆಲಸಕ್ಕೆ ಹೋಗಬಹುದು ಎಂದು ಅವಳ ಎದುರಿಗೇ ಹೇಳಿ. ಹೇಳುವ ಮೊದಲು ಮನೆಯ ಗಂಡಸರನ್ನು ಒಪ್ಪಿಸಿ. ನನಗೆ ಅದಕ್ಕೇ ಎರಡು ತಿಂಗಳು ಹಿಡಿಯಿತು.

ಬರುವ ಭಾನುವಾರ ಮಳವಳ್ಳಿ ಕಡೆ ಒಂದು ಮನೆಗೆ ಹೊರಟಿದ್ದೇವೆ. ಹಣ್ಣು, ಹೂವಿನ ಜೊತೆ ಲೆಕ್ಕದ ಪುಸ್ತಕವನ್ನೂ ಚೀಲದಲ್ಲಿಟ್ಟಿದ್ದೇನೆ.