ಮಣ್ಣು ಪರೀಕ್ಷೆ ವರದಿಯ ಬೆನ್ನು ಹತ್ತಿ: ಕೃಷಿ ಶಿಕ್ಷಣದಲ್ಲಿ ನನ್ನ ಸ್ನಾತಕೋತ್ತರ ಓದು

ಕೃಷಿ ಪದವಿ ಮುಗಿಸಿದವರು ಮುಂದೆ ಓದುವುದಾದರೆ ಸಾಮಾನ್ಯವಾಗಿ ಬೇಸಾಯಶಾಸ್ತ್ರ, ತಳಿ ಅಭಿವೃದ್ಧಿ, ಮಣ್ಣು ವಿಜ್ಞಾನ ಅಂತ ಹೋಗುತ್ತಾರೆ. ನಾನು ಕೃಷಿ ಶಿಕ್ಷಣ ಮತ್ತು ವಿಸ್ತರಣೆ ತೆಗೆದುಕೊಂಡೆ ಎಂದಾಗ ಜೊತೆಯವರು ಕೇಳಿದ್ದು ಒಂದೇ ಪ್ರಶ್ನೆ: "ಲ್ಯಾಬ್ ಇಲ್ಲ, ಬೆಳೆ ಇಲ್ಲ, ಆರಾಮ ಅಲ್ವಾ?" ಬೆಳೆ ಇಲ್ಲ ಅನ್ನುವುದು ನಿಜ. ಆರಾಮ ಅನ್ನುವುದನ್ನು ಒಪ್ಪಲಾರೆ. ಪ್ಲಾಟಿನಲ್ಲಿರುವ ಗಿಡ ಅಳೆಯಲು ಬಂದವರ ಮುಖ ನೋಡಿ ತನ್ನ ಎತ್ತರ ಬದಲಿಸುವುದಿಲ್ಲ. ಮನುಷ್ಯರು ಉತ್ತರ ಬದಲಿಸುತ್ತಾರೆ.

ಸೇರುವ ಮುಂಚೆ ಒಂದು ವಿಷಯ ತಿಳಿದಿರಲಿ. ಈ ವಿಭಾಗದೊಳಗೆ ಎರಡು ದಾರಿಗಳಿವೆ. ಒಂದು, ಶಾಲೆ ಕಾಲೇಜುಗಳಲ್ಲಿ ಕೃಷಿ ಕಲಿಸುವವರನ್ನು ತಯಾರು ಮಾಡುವುದು. ಇನ್ನೊಂದು, ಈಗಾಗಲೇ ಬೇಸಾಯ ಮಾಡುತ್ತಿರುವ ದೊಡ್ಡವರಿಗೆ ಹೊಸ ವಿಷಯ ಮುಟ್ಟಿಸುವುದು, ಅಂದರೆ ವಿಸ್ತರಣೆ. ಅಮೆರಿಕದಲ್ಲಿ ಈ ಎರಡಕ್ಕೂ ಬೇರೆ ಬೇರೆ ಕಾಯ್ದೆಗಳೇ ಬಂದವು. ವಿಸ್ತರಣೆಗೆ 1914ರ ಸ್ಮಿತ್-ಲೀವರ್ ಕಾಯ್ದೆ, ಶಾಲೆಗಳ ಕೃಷಿ ಪಾಠಕ್ಕೆ 1917ರ ಸ್ಮಿತ್-ಹ್ಯೂಸ್ ಕಾಯ್ದೆ. ಕೆಲವು ವಿಶ್ವವಿದ್ಯಾಲಯಗಳು ಎರಡನ್ನೂ ಒಂದೇ ಪದವಿಯಲ್ಲಿ ಕಲಿಸುತ್ತವೆ, ಕೆಲವು ಒಂದನ್ನೇ. ಹೆಸರು ನೋಡಿ ಅರ್ಜಿ ಹಾಕಿದರೆ ಗೊತ್ತಾಗುವುದಿಲ್ಲ, ಪಠ್ಯಕ್ರಮ ತೆಗೆದು ನೋಡಬೇಕು. ನನಗೆ ಬೇಕಿದ್ದದ್ದು ಎರಡನೆಯ ದಾರಿ. ಅಲ್ಲೂ ಥೀಸಿಸ್ ಕಡ್ಡಾಯವಾಗಿದ್ದ ಕೋರ್ಸನ್ನೇ ಆರಿಸಿಕೊಂಡೆ. ಮುಂದೆ ಪಿಎಚ್‌ಡಿ, ಸಂಶೋಧನೆ ಅನ್ನುವವರಿಗೆ ಥೀಸಿಸ್ ಬೇಕೇ ಬೇಕು. ಕೆಲಸದಲ್ಲಿದ್ದುಕೊಂಡು ಓದುವವರಿಗೆ ಥೀಸಿಸ್ ಬದಲು ಪ್ರಾಜೆಕ್ಟ್ ವರದಿ ಇರುವ ಕೋರ್ಸ್ ವಾಸಿ.

ಮೊದಲ ವರ್ಷದ ಪಾಠಗಳಲ್ಲಿ ಕೃಷಿಗಿಂತ ಬೇರೆಯದೇ ಜಾಸ್ತಿ. ಕಲಿಕೆಯ ಮನೋವಿಜ್ಞಾನ, ಗ್ರಾಮೀಣ ಸಮಾಜಶಾಸ್ತ್ರ, ಸಂವಹನ, ಕಾರ್ಯಕ್ರಮ ಯೋಜನೆ ಮತ್ತು ಮೌಲ್ಯಮಾಪನ, ಇವೆಲ್ಲದರ ಮೇಲೆ ಸಂಖ್ಯಾಶಾಸ್ತ್ರ. ಮೈಕ್ರೋಟೀಚಿಂಗ್ ಅಂತ ಒಂದು ಅಭ್ಯಾಸವೂ ಇತ್ತು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ 1960ರ ದಶಕದಲ್ಲಿ ಶುರುವಾದ ಪದ್ಧತಿ ಇದು. ಕೆಲವೇ ನಿಮಿಷ ಪಾಠ ಮಾಡಬೇಕು, ಅದನ್ನು ರೆಕಾರ್ಡ್ ಮಾಡುತ್ತಾರೆ, ಆಮೇಲೆ ಎಲ್ಲರೂ ಕೂತು ನೋಡುತ್ತಾರೆ. ನನ್ನದೇ ಪಾಠವನ್ನು ನಾನೇ ನೋಡುವುದು ಏನು ಸುಖದ ಕೆಲಸವಲ್ಲ ಬಿಡಿ. ಆದರೆ ಪ್ರಶ್ನೆ ಕೇಳಿ ಉತ್ತರಕ್ಕೆ ಕಾಯುವ ಅಭ್ಯಾಸ ನನಗೆ ಬಂದದ್ದು ಅಲ್ಲಿಂದಲೇ. ಮುಂದೆ ಹೊಲದ ಬದುವಿನ ಮೇಲೆ ಕೂತು ಸಂದರ್ಶನ ಮಾಡುವಾಗ ಅದು ತುಂಬಾ ಕೆಲಸಕ್ಕೆ ಬಂತು.

ನನ್ನ ಯೋಚನೆಯನ್ನು ತಿರುಗಿಸಿದ್ದು ಹೊಸ ತಂತ್ರಜ್ಞಾನ ಜನರಲ್ಲಿ ಹರಡುವ ಬಗೆ ಕುರಿತ ಪಾಠ. ರಯಾನ್ ಮತ್ತು ಗ್ರಾಸ್ ಎಂಬ ಇಬ್ಬರು ಸಮಾಜಶಾಸ್ತ್ರಜ್ಞರು ಅಮೆರಿಕದ ಅಯೋವಾದಲ್ಲಿ ಹೈಬ್ರಿಡ್ ಮೆಕ್ಕೆಜೋಳ ಹೇಗೆ ಹರಡಿತು ಎಂದು ಹುಡುಕಿ 1943ರಲ್ಲಿ ಪ್ರಕಟಿಸಿದ ಅಧ್ಯಯನ ಈ ಶಾಖೆಗೆ ಬುನಾದಿ. ಇಳುವರಿ ಕಣ್ಣಿಗೆ ಕಾಣುವಷ್ಟು ಹೆಚ್ಚಿದ್ದರೂ ರೈತರು ಒಂದೇ ಸಲಕ್ಕೆ ಬದಲಾಗಲಿಲ್ಲ. ಮೊದಲು ಜಮೀನಿನ ಒಂದು ಮೂಲೆಯಲ್ಲಿ ಹಾಕಿ ನೋಡಿದರು. ಮಾರುವವರಿಂದ ಸುದ್ದಿ ತಿಳಿಯಿತು, ಧೈರ್ಯ ಬಂದದ್ದು ಪಕ್ಕದ ಹೊಲದವರಿಂದ. ಮುಂದೆ ಎವರೆಟ್ ರೋಜರ್ಸ್ ಎಂಬ ಅಮೆರಿಕದ ಸಮಾಜಶಾಸ್ತ್ರಜ್ಞ ಇಂಥ ಅಧ್ಯಯನಗಳನ್ನೆಲ್ಲ ಒಟ್ಟು ಹಾಕಿ, ಯಾರು ಎಷ್ಟು ಬೇಗ ಒಪ್ಪುತ್ತಾರೆ ಎಂಬುದರ ಮೇಲೆ ಜನರನ್ನು ಐದು ಗುಂಪು ಮಾಡಿದರು: ಮೊದಲಿಗರು ಶೇ. 2.5, ಕೊನೆಗೆ ಬರುವವರು ಶೇ. 16, ಉಳಿದವರು ನಡುವೆ. ಈ ಗುಂಪುಗಳನ್ನು ಪರೀಕ್ಷೆಗೆ ಎಲ್ಲರೂ ಬಾಯಿಪಾಠ ಮಾಡುತ್ತಾರೆ. ಅದೇ ರೋಜರ್ಸ್ ಕೊಟ್ಟ ಎಚ್ಚರಿಕೆಯನ್ನು ಮಾತ್ರ ಹಾರಿಸಿಬಿಡುತ್ತಾರೆ. ಹೊಸದೆಲ್ಲ ಒಳ್ಳೆಯದೇ ಎಂದು ಮೊದಲೇ ನಂಬಿಬಿಡುವುದು, ಒಪ್ಪದವರದ್ದೇ ತಪ್ಪು ಎಂದು ತೀರ್ಮಾನಿಸುವುದು, ಈ ಎರಡೂ ಸಂಶೋಧಕರ ಪೂರ್ವಗ್ರಹ ಎಂದು ಅವರೇ ಹೇಳಿದ್ದರು. ಹೈಬ್ರಿಡ್ ಮೆಕ್ಕೆಜೋಳಕ್ಕೆ ವರ್ಷಗಟ್ಟಲೆ ಬೇಡ ಎಂದವರಲ್ಲಿ ರೋಜರ್ಸ್ ಅವರ ಸ್ವಂತ ತಂದೆಯೂ ಒಬ್ಬರು. 1936ರ ಬರದಲ್ಲಿ ಪಕ್ಕದ ಹೊಲದ ಹೈಬ್ರಿಡ್ ನಿಂತು ತಮ್ಮದು ಒಣಗಿದ ಮೇಲೆ ಅವರು ಮನಸ್ಸು ಬದಲಿಸಿದರಂತೆ. ಈ ಕಥೆ ಗೊತ್ತಾದ ಮೇಲೆ 'ಹಿಂದುಳಿದವರು' ಎಂಬ ಪಟ್ಟಿಯಲ್ಲಿ ಯಾರನ್ನಾದರೂ ಸೇರಿಸಲು ನನಗೆ ಸುಲಭವಾಗಿ ಕೈ ಬರಲಿಲ್ಲ.

ಥೀಸಿಸ್ ವಿಷಯ ಹುಟ್ಟಿದ್ದು ಇಲ್ಲಿಂದ. ಮಣ್ಣು ಪರೀಕ್ಷೆ ಮಾಡಿಸಿಕೊಂಡ ರೈತರು ಆ ವರದಿಯ ಪ್ರಕಾರ ಗೊಬ್ಬರ ಹಾಕುವುದಿಲ್ಲ ಎಂಬ ದೂರು ಕೃಷಿ ಸಿಬ್ಬಂದಿಯಿಂದ ಮತ್ತೆ ಮತ್ತೆ ಕೇಳಿಬರುತ್ತಿತ್ತು. ಕಾರಣ ಕೇಳಿದರೆ ಸಿದ್ಧ ಉತ್ತರ: "ಅವರಿಗೆ ಅರಿವಿಲ್ಲ." ನಾನು ಗೈಡ್ ಹತ್ತಿರ 'ಮಣ್ಣು ಪರೀಕ್ಷೆ ಬಗ್ಗೆ ರೈತರ ಅರಿವು' ಎಂಬ ವಿಷಯ ತೆಗೆದುಕೊಂಡು ಹೋದೆ. ಅವರು ಹಾಳೆ ಪಕ್ಕಕ್ಕಿಟ್ಟು, "ಅರಿವು ಅಂದರೆ ಏನು? ಅದನ್ನು ಎಲ್ಲಿಂದ ಎಲ್ಲಿಗೆ ಅಳೀತೀಯ?" ಅಂದರು. ಈ ಒಂದು ಮಾತಿನ ಹಿಂದೆ ಬಹಳ ಕಾಲ ಓಡಾಡಿದೆ. ಕೊನೆಗೆ ಅದನ್ನು ಮೂರು ತುಂಡು ಮಾಡಿದೆವು. ವರದಿಯನ್ನು ಓದಿ ಅರ್ಥ ಮಾಡಿಕೊಳ್ಳಲು ಬರುತ್ತದೆಯೇ? ಅದರಲ್ಲಿರುವ ಸಲಹೆಯನ್ನು ನಂಬುತ್ತಾರೆಯೇ? ನಂಬಿದವರು ಹಾಗೆಯೇ ಹಾಕುತ್ತಾರೆಯೇ? ಮೂರೂ ಬೇರೆ ಬೇರೆ. ಒಂದನ್ನು ಅಳೆಯುವ ಪ್ರಶ್ನೆ ಇನ್ನೊಂದನ್ನು ಅಳೆಯುವುದಿಲ್ಲ. ಗೈಡ್ ಆರಿಸಿಕೊಳ್ಳುವಾಗ ಅವರ ಹೆಸರು ಎಷ್ಟು ದೊಡ್ಡದು ಎಂದು ನೋಡುವುದಕ್ಕಿಂತ, ಅವರ ಹಿಂದಿನ ವಿದ್ಯಾರ್ಥಿಗಳನ್ನು ಕಂಡು ಎರಡು ಮಾತಾಡಿ ಅಂತ ಹೇಳುತ್ತೇನೆ. ಡ್ರಾಫ್ಟ್ ಕೊಟ್ಟರೆ ಗೈಡ್ ಎಷ್ಟು ದಿನಕ್ಕೆ ಓದಿ ಕೊಡುತ್ತಾರೆ ಎಂದು ಆ ವಿದ್ಯಾರ್ಥಿಗಳೇ ಹೇಳುತ್ತಾರೆ.

ಪ್ರಶ್ನಾವಳಿ ಬರೆಯುವುದಕ್ಕೆ ನಾನು ಕೊಟ್ಟಷ್ಟು ಸಮಯ ಇನ್ಯಾವುದಕ್ಕೂ ಕೊಡಲಿಲ್ಲ. ನಿಯಮಗಳು ಸರಳ, ಪಾಲಿಸುವುದು ಕಷ್ಟ. "ಮಣ್ಣು ಪರೀಕ್ಷೆ ಅಗ್ಗವೂ ಉಪಯುಕ್ತವೂ ಹೌದು" ಎಂಬ ಹೇಳಿಕೆಗೆ ಅಗ್ಗ ಆದರೆ ಉಪಯೋಗವಿಲ್ಲ ಎನ್ನುವವರು ಏನು ಉತ್ತರ ಕೊಡಬೇಕು? ಅದು ಎರಡು ಪ್ರಶ್ನೆ, ಒಡೆಯಬೇಕು. ಅಭಿಪ್ರಾಯ ಅಳೆಯಲು 1932ರಲ್ಲಿ ಲೈಕರ್ಟ್ ತಂದ, 'ಪೂರ್ತಿ ಒಪ್ಪುತ್ತೇನೆ'ಯಿಂದ 'ಒಪ್ಪುವುದೇ ಇಲ್ಲ'ದವರೆಗಿನ ಐದು ಮೆಟ್ಟಿಲ ಮಾಪನವನ್ನೇ ಬಳಸಿದೆ. ಕೆಲವು ಹೇಳಿಕೆಗಳನ್ನು ಬೇಕೆಂದೇ ತಿರುಗಿಸಿ ಬರೆದಿದ್ದೆ, ಏಕೆಂದರೆ ಎಲ್ಲದಕ್ಕೂ "ಹೂಂ, ಹೌದು" ಅನ್ನುವವರು ಇರುತ್ತಾರೆ. ಮನೆಗೆ ಬಂದವರಿಗೆ ಇಲ್ಲ ಅನ್ನಬಾರದು ಎಂಬ ಸೌಜನ್ಯ ಅದು. ಸಂಶೋಧನೆಗೆ ಮಾತ್ರ ವಿಷ.

ತಿಳಿವಳಿಕೆ ಅಳೆಯುವ ಭಾಗಕ್ಕೆ ಬೇರೆ ಲೆಕ್ಕ. ಎಲ್ಲರೂ ಸರಿ ಹೇಳುವ ಪ್ರಶ್ನೆ ದಂಡ, ಯಾರಿಗೂ ಬಾರದ ಪ್ರಶ್ನೆಯೂ ದಂಡ. ಅದಕ್ಕೇ ಮುಖ್ಯ ಅಧ್ಯಯನದಲ್ಲಿ ಇಲ್ಲದ ರೈತರಿಗೆ ಮೊದಲು ಪ್ರಶ್ನೆ ಕೊಟ್ಟು, ಹೆಚ್ಚು ಅಂಕ ಬಂದ ಗುಂಪನ್ನೂ ಕಡಿಮೆ ಬಂದ ಗುಂಪನ್ನೂ ಹೋಲಿಸಿ, ಆ ಎರಡನ್ನು ಬೇರ್ಪಡಿಸುವ ಪ್ರಶ್ನೆಗಳನ್ನಷ್ಟೇ ಉಳಿಸಿಕೊಳ್ಳಬೇಕು. ಅಭಿಪ್ರಾಯದ ಹೇಳಿಕೆಗಳು ಒಂದಕ್ಕೊಂದು ಹೊಂದುತ್ತವೆಯೇ ಎಂದು ನೋಡಲು ಕ್ರಾನ್‌ಬಾಕ್ ಆಲ್ಫಾ ಎಂಬ ಅಳತೆ ಇದೆ. ಅದು 0.7 ದಾಟಿದರೆ ಸಾಕು ಎನ್ನುವುದು ರೂಢಿ. ಒಂದೇ ಹೇಳಿಕೆಯನ್ನು ಬೇರೆ ಬೇರೆ ಮಾತಿನಲ್ಲಿ ಬರೆದು ತುಂಬಿಸಿದರೂ ಆಲ್ಫಾ ಏರುತ್ತದೆ, ಹಾಗಾಗಿ ಆ ಸಂಖ್ಯೆ ನೋಡಿ ಹಿಗ್ಗಬೇಡಿ. ಸ್ಯಾಂಪಲ್ ಎಷ್ಟು ಎನ್ನುವುದಕ್ಕೆ ಈ ವಿಭಾಗದಲ್ಲಿ ಬಹಳ ಜನ ಹಿಡಿಯುವುದು ಕ್ರೆಜ್ಸಿ ಮತ್ತು ಮೋರ್ಗನ್ 1970ರಲ್ಲಿ ಕೊಟ್ಟ ಪಟ್ಟಿ. ಒಟ್ಟು 1,000 ಜನರಿದ್ದರೆ 278 ಮಂದಿ ಬೇಕು ಅನ್ನುತ್ತದೆ ಅದು. ಆದರೆ ಆ 278 ಮಂದಿಯನ್ನು ರಸ್ತೆ ಪಕ್ಕದ ಮನೆಗಳಿಂದಲೇ ಆರಿಸಿದರೆ ಪಟ್ಟಿ ಏನೂ ಮಾಡಲಾರದು. ಒಳಗಿನ ಹೊಲಗಳಿಗೆ ನಡೆಯಲೇಬೇಕು.

ಕ್ಷೇತ್ರಕಾರ್ಯದಲ್ಲಿ ನನಗೆ ಹೆಚ್ಚು ಕಲಿಸಿದ್ದು ಪ್ರಶ್ನಾವಳಿಯ ಕೊನೆಯ ಖಾಲಿ ಪುಟ. ಅಂಕಿಗಳೆಲ್ಲ ತುಂಬಿಸಿ ಮುಗಿದ ಮೇಲೆ ಪೆನ್ನು ಮುಚ್ಚಿ, "ನಿಮ್ಮ ವರದಿ ಇದೆಯಾ, ಸ್ವಲ್ಪ ತೋರಿಸ್ತೀರಾ?" ಅನ್ನುತ್ತಿದ್ದೆ. ಅದನ್ನು ಕಾಗದಪತ್ರದ ಜೊತೆ ಜೋಪಾನವಾಗಿ ಮಡಚಿ ಇಟ್ಟವರೇ ಹೆಚ್ಚು. ಬೇಡ ಎಂದು ಎಸೆದವರು ಹಾಗೆ ಇಡುವುದಿಲ್ಲ. ತೆಗೆದು ತೋರಿಸಿ ಅವರು ಹೇಳುತ್ತಿದ್ದದ್ದು ಹೆಚ್ಚುಕಡಿಮೆ ಒಂದೇ: "ಎಲ್ಲಾ ಸರಿ, ಎಷ್ಟು ಚೀಲ ಹಾಕ್ಬೇಕು ಅಷ್ಟು ಹೇಳಿ."

ವರದಿಯಲ್ಲಿ ಇದ್ದದ್ದು ಹೆಕ್ಟೇರಿಗೆ ಇಷ್ಟು ಕಿಲೋ ಸಾರಜನಕ, ಇಷ್ಟು ರಂಜಕ, ಇಷ್ಟು ಪೊಟ್ಯಾಶ್. ಅಂಗಡಿಯಲ್ಲಿ ಸಾರಜನಕ ಸಿಗುವುದಿಲ್ಲ, ಯೂರಿಯಾ ಸಿಗುತ್ತದೆ. ಯೂರಿಯಾದಲ್ಲಿ ಸಾರಜನಕ ಶೇ. 46. ಅಂದರೆ 100 ಕಿಲೋ ಸಾರಜನಕಕ್ಕೆ ಸುಮಾರು 217 ಕಿಲೋ ಯೂರಿಯಾ. ರಂಜಕಕ್ಕೆಂದು ಡಿಎಪಿ ಗೊಬ್ಬರ ಹಾಕಿದರೆ ಅದರಲ್ಲೂ ಶೇ. 18 ಸಾರಜನಕ ಬರುತ್ತದೆ, ಅದನ್ನು ಮೊದಲು ಕಳೆಯಬೇಕು. ಆಮೇಲೆ ಹೆಕ್ಟೇರನ್ನು ತಮ್ಮ ಜಮೀನಿನ ಅಳತೆಗೆ ಇಳಿಸಬೇಕು, ಕಿಲೋವನ್ನು ಚೀಲಕ್ಕೆ ಭಾಗಿಸಬೇಕು. ಈ ಲೆಕ್ಕವನ್ನು ತರಗತಿಯಲ್ಲಿ ಕೊಟ್ಟಾಗ ನಮ್ಮಲ್ಲೇ ಹಲವರು ಕ್ಯಾಲ್ಕುಲೇಟರ್ ಹುಡುಕಿದ್ದರು. ಡೇಟಾ ಕೂಡ ಅದನ್ನೇ ಹೇಳಿತು. ವರದಿಯನ್ನು ನಂಬುವವರು ಬೇಕಾದಷ್ಟು ಜನ ಇದ್ದರು. ಓದಿ ಲೆಕ್ಕ ಹಾಕಬಲ್ಲವರು ಕಡಿಮೆ. ಹಾಕಬಲ್ಲವರಲ್ಲಿ ಹೆಚ್ಚಿನವರು ಅದರಂತೆ ಮಾಡಿದ್ದರು. ಗೊಬ್ಬರಕ್ಕೆ ಸಾಲ ಸಿಗದವರು, ಅಂಗಡಿಯಲ್ಲಿ ಬೇಕಾದದ್ದು ಸಿಗದೆ ಇದ್ದದ್ದನ್ನೇ ತಂದವರು ಬೇರೆ ಇದ್ದರು, ಅವರ ಕಾರಣ ಬೇರೆ.

ವಿಶ್ಲೇಷಣೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಲೆಕ್ಕ ಹಾಕುವ ಸಾಫ್ಟ್‌ವೇರ್ ಎಸ್‌ಪಿಎಸ್‌ಎಸ್ ಆಗಲಿ ಆರ್ ಆಗಲಿ, ಕಲಿತರೆ ಬರುತ್ತದೆ. ಡೇಟಾ ತುಂಬುವ ಮೊದಲೇ ಯಾವ ಪ್ರಶ್ನೆಗೆ ಯಾವ ಪರೀಕ್ಷೆ ಎಂದು ಬರೆದಿಟ್ಟುಕೊಂಡರೆ ಸಾಕು. ಸಂಖ್ಯಾಶಾಸ್ತ್ರ ವಿಭಾಗದವರನ್ನು ಪ್ರಶ್ನಾವಳಿ ಹಂತದಲ್ಲೇ ಕಾಣಿ. ಡೇಟಾ ಹಿಡಿದುಕೊಂಡು ಹೋದರೆ ಅವರಿಗೂ ಮಾಡುವುದಕ್ಕೆ ಏನೂ ಉಳಿದಿರುವುದಿಲ್ಲ.

ವೈವಾದಲ್ಲಿ, ಅಂದರೆ ಥೀಸಿಸ್ ಮೇಲಿನ ಮೌಖಿಕ ಪರೀಕ್ಷೆಯಲ್ಲಿ, ಹೊರಗಿನಿಂದ ಬಂದ ಪರೀಕ್ಷಕರು ಕೇಳಿದ ಗಟ್ಟಿ ಪ್ರಶ್ನೆ ಒಂದಿತ್ತು: ಲೆಕ್ಕ ಬರುವುದರಿಂದ ವರದಿ ಪಾಲಿಸುತ್ತಾರೋ, ಅಥವಾ ಶಾಲೆ ಓದಿದವರು, ಹಣವಿದ್ದವರು ಎರಡನ್ನೂ ಮಾಡುತ್ತಾರೋ? ನನ್ನದು ಒಮ್ಮೆ ಹೋಗಿ ಕೇಳಿ ಬಂದ ಸಮೀಕ್ಷೆ. ಶಿಕ್ಷಣ, ಜಮೀನಿನ ಗಾತ್ರ ಎರಡನ್ನೂ ಲೆಕ್ಕಕ್ಕೆ ತೆಗೆದುಕೊಂಡ ಮೇಲೂ ಸಂಬಂಧ ಉಳಿಯಿತು ಎಂದು ತೋರಿಸಬಹುದಿತ್ತು, ತೋರಿಸಿದೆ. ಇದೇ ಕಾರಣ ಎಂದು ಹೇಳಬೇಕಾದರೆ ಕೆಲವರಿಗೆ ಹಳೆಯ ವರದಿ, ಕೆಲವರಿಗೆ ಚೀಲದ ಲೆಕ್ಕವಿರುವ ವರದಿ ಚೀಟಿ ಎತ್ತಿ ಹಂಚಿ, ಬೆಳೆ ಮುಗಿದ ಮೇಲೆ ಹೋಗಿ ನೋಡಬೇಕು. ಅವರಿಗೆ ಹಾಗೆಯೇ ಉತ್ತರ ಕೊಟ್ಟೆ. ನನ್ನ ಪಿಎಚ್‌ಡಿ ಅರ್ಜಿಯ ಮೊದಲ ಪುಟ ಆ ಉತ್ತರವೇ.

ಥೀಸಿಸ್ ಗ್ರಂಥಾಲಯದ ಕಪಾಟು ಸೇರುವ ಮುಂಚೆ ಅದರ ಸಾರವನ್ನು ಒಂದೇ ಪುಟದಲ್ಲಿ ಬರೆದು, ವರದಿ ಕೊಡುವ ಪ್ರಯೋಗಾಲಯದವರಿಗೆ ಒಪ್ಪಿಸಿದೆ. ಅವರು ಮಣ್ಣು ಪರೀಕ್ಷೆ ವರದಿಯ ಹಾಳೆಯ ಕೆಳಗೆ ಚೀಲದ ಲೆಕ್ಕದ ಸಾಲು ಸೇರಿಸಿದ್ದಾರೆ. ಅಕ್ಷರ ದೊಡ್ಡದು ಮಾಡಿ ಅಂದಿದ್ದೆ, ಅದಕ್ಕೆ ಮೇಲಿನವರ ಒಪ್ಪಿಗೆ ಬೇಕಂತೆ.