ಬೆಕ್ಕಿನ ಕಿವಿ ಎತ್ತ ತಿರುಗಿದೆ, ನೋಡಿದಿರಾ?

ಮಳೆ ಹಿಡಿಯಿತು ಅಂದರೆ ಶಿರಸಿ, ಸಿದ್ದಾಪುರದ ಹಳ್ಳಿಮನೆಗಳಲ್ಲಿ ಬೆಕ್ಕಿನ ವಾಸ ಬಚ್ಚಲ ಒಲೆಯ ಹತ್ತಿರಕ್ಕೆ ಬದಲಾಗುತ್ತದೆ. ಅದೇ ಹೊತ್ತಿಗೆ ಬಿಲಗಳಿಗೆ ನೀರು ನುಗ್ಗಿ, ಹಾವು, ಇಲಿ, ಚೇಳು ಎಲ್ಲವೂ ಒಣಗಿದ ಜಾಗ ಹುಡುಕಿಕೊಂಡು ಮನೆ ಕಡೆ ಬರುತ್ತವೆ. ಕಟ್ಟಿಗೆ ರಾಶಿ, ಕೊಟ್ಟಿಗೆ, ದರಕಿನ (ಒಣ ಎಲೆಯ) ರಾಶಿ, ಎಲ್ಲಿ ಬೇಕಾದರೂ ಇರಬಹುದು. ಇವು ಬಂದದ್ದು ಮನೆಯಲ್ಲಿ ಮೊದಲು ಗೊತ್ತಾಗುವುದು ಬೆಕ್ಕಿಗೆ. ಅದು ತನ್ನ ಮೈಯಲ್ಲೇ ಅದನ್ನು ತೋರಿಸುತ್ತದೆ. ನಮಗೆ ಓದಲು ಬರಬೇಕು, ಅಷ್ಟೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಜೀವ ಇರುವ, ಸದ್ದು ಮಾಡುವ, ಅಲುಗಾಡುವ ಅಪಾಯವನ್ನು ಹಿಡಿಯುವುದರಲ್ಲಿ ಬೆಕ್ಕು ಭಾರೀ ಚುರುಕು. ನಾವು ಪೇಟೆಯಿಂದ ಡಬ್ಬಿ, ಬಾಟಲಿಯಲ್ಲಿ ತಂದಿಡುವ ಅಪಾಯ ಮಾತ್ರ ಅದಕ್ಕೆ ತಿಳಿಯುವುದಿಲ್ಲ. ಅಲ್ಲಿ ನಾವೇ ಎಚ್ಚರ ಇರಬೇಕು.

ಮೊದಲ ಹೆಜ್ಜೆ: ಕಿವಿ ನೋಡಿ

ಎಲ್ಲರೂ ಬಾಲ ನೋಡುತ್ತಾರೆ. ಆದರೆ ಬಾಲ ಉಬ್ಬುವ ಹೊತ್ತಿಗೆ ವಿಷಯ ಮುಂದೆ ಹೋಗಿರುತ್ತದೆ. ಮೊದಲು ಕೆಲಸ ಶುರು ಮಾಡುವುದು ಕಿವಿ. ಒಂದೊಂದು ಕಿವಿಯನ್ನು ತಿರುಗಿಸಲು ಸುಮಾರು 30 ಸ್ನಾಯುಗಳಿವೆ. ಎಡಗಿವಿ ಅಡುಗೆಮನೆ ಕಡೆ, ಬಲಗಿವಿ ಹಿತ್ತಲ ಕಡೆ, ಹೀಗೆ ಎರಡನ್ನೂ ಬೇರೆಬೇರೆಯಾಗಿ ತಿರುಗಿಸಬಲ್ಲದು. ನಮಗೆ ಕೇಳುವುದು ಹೆಚ್ಚೆಂದರೆ 20,000 ಹರ್ಟ್ಜ್‌ವರೆಗೆ. ಬೆಕ್ಕಿಗೆ ಸುಮಾರು 85,000 ಹರ್ಟ್ಜ್‌ವರೆಗೂ ಕೇಳುತ್ತದೆ. ಇಲಿಗಳು ತಮ್ಮತಮ್ಮಲ್ಲಿ ಕಿರುಗುಟ್ಟುವುದು ಬಹಳಷ್ಟು ಈ ಎತ್ತರದ ಸದ್ದಿನಲ್ಲೇ. ಹಾಗಾಗಿ ಬೆಕ್ಕು ಖಾಲಿ ಗೋಡೆಯನ್ನೋ ಅಟ್ಟವನ್ನೋ ದಿಟ್ಟಿಸುತ್ತಿದ್ದರೆ ದೆವ್ವ ಕಂಡಿತು ಅನ್ನಬೇಡಿ. ಅಟ್ಟದ ಮೇಲೆ ಅಡಿಕೆ ಚೀಲದ ಹಿಂದೆ ಇಲಿ ಇರಬೇಕು.

ಮಲಗಿದ್ದ ಬೆಕ್ಕನ್ನು ಹತ್ತಿರದಿಂದ ನೋಡಿ. ಕಣ್ಣು ಮುಚ್ಚಿಯೇ ಇರುತ್ತದೆ, ಒಂದು ಕಿವಿ ಮಾತ್ರ ಕಟ್ಟಿಗೆ ರಾಶಿ ಕಡೆ ಹೊರಳುತ್ತದೆ. ಆಮೇಲೆ ಎರಡನೇ ಕಿವಿ. ತಲೆ ಮೆಲ್ಲಗೆ ಏಳುತ್ತದೆ. ಮೀಸೆ ಮುಂದಕ್ಕೆ ಚಾಚುತ್ತದೆ. ಒಂದು ಮುಂಗಾಲು ನೆಲದಿಂದ ಒಂದಿಂಚು ಎದ್ದು ಹಾಗೇ ನಿಲ್ಲುತ್ತದೆ. ಇಷ್ಟಕ್ಕೆ ಕೆಲವು ಸೆಕೆಂಡು ಸಾಕು. ನಮ್ಮ ಕಡೆ ಹಿರಿಯರು 'ಬೆಕ್ಕು ಎಂತಕ್ಕೋ ಬೆದರಿದ್ದು, ಬ್ಯಾಟರಿ ತಗಂಡು ಬಾ' ಅನ್ನುವುದು ಈ ಹೊತ್ತಿನಲ್ಲೇ.

ಎರಡನೆಯದು: ಬೇಟೆಯೋ, ಹೆದರಿಕೆಯೋ?

ಎರಡೂ ಮೇಲ್ನೋಟಕ್ಕೆ ಒಂದೇ ಥರ ಕಾಣುತ್ತವೆ. ಬೇಟೆಯಾದರೆ ಕಿವಿ ಮುಂದಕ್ಕೆ, ಮೈ ನೆಲಕ್ಕೆ ಒತ್ತಿ, ಬಾಲದ ತುದಿ ಮಾತ್ರ ಅಲ್ಲಾಡುತ್ತಿರುತ್ತದೆ. ಜಿಗಿಯುವ ಮೊದಲು ಹಿಂಭಾಗ ಕುಣಿಸುತ್ತದೆ. ಹೆದರಿಕೆಯಾದರೆ ಕಿವಿ ಪಕ್ಕಕ್ಕೆ ಚಪ್ಪಟೆಯಾಗುತ್ತದೆ, ಕಣ್ಣಿನ ಪಾಪೆ ಅಗಲವಾಗಿ ಕಣ್ಣೆಲ್ಲ ಕಪ್ಪಾಗಿ ಕಾಣುತ್ತದೆ, ಮೀಸೆ ಕೆನ್ನೆಗೆ ಅಂಟುತ್ತದೆ. ಓಡಲು ದಾರಿ ಇಲ್ಲದಿದ್ದರೆ ಬೆನ್ನು ಬಿಲ್ಲಾಗಿಸಿ, ರೋಮ ನಿಮಿರಿಸಿ, ಅಡ್ಡಡ್ಡ ನಿಲ್ಲುತ್ತದೆ. ಎದುರಿನವರಿಗೆ ತಾನು ದೊಡ್ಡದಾಗಿ ಕಾಣಲಿ ಅಂತ. ಬುಸುಗುಡುವುದು ಜಗಳಕ್ಕಲ್ಲ, 'ದೂರ ಇರು' ಅನ್ನುವುದಕ್ಕೆ.

ಹಾವು ಎದುರಾದಾಗ ಇವೆರಡೂ ಬೆರೆತಿರುತ್ತವೆ. ಹತ್ತಿರ ಹೋಗುತ್ತದೆ, ಹಿಂದಕ್ಕೆ ಹಾರುತ್ತದೆ, ಸ್ವಲ್ಪ ದೂರ ಕೂತು ಬಿಡದೆ ನೋಡುತ್ತದೆ, ಮುಂಗಾಲು ಚಾಚಿ ತಟ್ಟುತ್ತದೆ. ಇದು ಕಂಡರೆ ಇಲಿಗಿಲಿ ಅಂದುಕೊಂಡು ಬರಿಗಾಲಲ್ಲಿ ಹೋಗಬೇಡಿ. ಕೊಳಕುಮಂಡಲವಾದರೆ ಕುಕ್ಕರ್ ಸೀಟಿಯ ಹಾಗೆ ಬುಸುಗುಡುತ್ತದೆ, ನಿಮಗೂ ಕೇಳುತ್ತದೆ. ಕಟ್ಟುಹಾವು ಹಾಗಲ್ಲ. ರಾತ್ರಿ ಸದ್ದಿಲ್ಲದೆ ಓಡಾಡುತ್ತದೆ.

ಮೂರನೆಯದು: ಬೆಕ್ಕನ್ನು ಎತ್ತಿಕೊಳ್ಳಬೇಡಿ

ಎಲ್ಲರಿಗೂ ಮೊದಲು ಬರುವ ಯೋಚನೆ ಇದೇ, 'ಅಯ್ಯೋ ಪಾಪ' ಅಂತ ಬಾಚಿ ಎತ್ತಿಕೊಳ್ಳುವುದು. ಬೆದರಿದ ಬೆಕ್ಕು ಕೈಗೆ ಸಿಕ್ಕವರನ್ನೇ ಕಚ್ಚುತ್ತದೆ. ಅದರ ಸಿಟ್ಟು ಹಾವಿನ ಮೇಲೆ, ಗಾಯ ನಿಮಗೆ. ಈ ಸಿಟ್ಟು ಗಂಟೆಗಟ್ಟಲೆ ಇಳಿಯದೇ ಇರಬಹುದು. ಮನೆಯ ಇನ್ನೊಂದು ಬೆಕ್ಕಿನ ಮೇಲೂ ಎರಗಬಹುದು.

ಬದಲಿಗೆ ಹೀಗೆ ಮಾಡಿ. ಮಕ್ಕಳನ್ನು, ನಾಯಿಯನ್ನು ಒಳಗೆ ಕಳಿಸಿ. ಬೆಕ್ಕಿನ ಕಿವಿ ತೋರಿಸುವ ಕಡೆಗೆ ದೂರದಿಂದಲೇ ಬ್ಯಾಟರಿ ಬಿಡಿ. ಬೆಕ್ಕಿನ ಹಿಂದೆ ಒಂದು ಬಾಗಿಲು ತೆರೆದಿಡಿ, ಓಡಲು ದಾರಿ ಸಿಕ್ಕರೆ ಅದೇ ಹೊರಟುಹೋಗುತ್ತದೆ. ಬೇಕಾದರೆ ಉದ್ದ ಕೋಲಿಗೆ ಗೋಣಿಚೀಲ ಕಟ್ಟಿ ನಡುವೆ ಅಡ್ಡ ಹಿಡಿಯಿರಿ. ಹಾವಾದರೆ ಹಾವು ಹಿಡಿಯುವವರಿಗೆ ಅಥವಾ ಅರಣ್ಯ ಇಲಾಖೆಯವರಿಗೆ ಹೇಳಿ, ಅವರು ಬರುವವರೆಗೆ ಅದು ಎಲ್ಲಿದೆ ಅಂತ ದೂರದಿಂದ ಕಣ್ಣಿಟ್ಟಿರಿ. ಹೊಡೆಯಲು ಹೋದರೆ ಹಾವು ಕಚ್ಚುವ ಅಪಾಯ ಜಾಸ್ತಿ.

ಮತ್ತೆ, ಕಿರುಚಬೇಡಿ. ಇಟಲಿಯ ಮಿಲಾನ್‌ನಲ್ಲಿ ಸಂಶೋಧಕರು ರಿಬ್ಬನ್ ಕಟ್ಟಿದ ಫ್ಯಾನನ್ನು ಬೆಕ್ಕುಗಳ ಮುಂದಿಟ್ಟು ನೋಡಿದರು. ಫಲಿತಾಂಶ ಪ್ರಕಟವಾದದ್ದು 2015ರಲ್ಲಿ. ಶೇ 79ರಷ್ಟು ಬೆಕ್ಕುಗಳು ಫ್ಯಾನನ್ನೂ ಯಜಮಾನರ ಮುಖವನ್ನೂ ಬದಲಿಸಿ ಬದಲಿಸಿ ನೋಡಿದವು, ಹೆದರಿದಂತೆ ನಟಿಸಿದ ಯಜಮಾನರ ಹೆದರಿಕೆ ಸ್ವಲ್ಪ ಮಟ್ಟಿಗೆ ಅವರ ಬೆಕ್ಕುಗಳಿಗೂ ತಗುಲಿತು. ಬೆಕ್ಕಿಗೆ ನಮ್ಮ ಲಕ್ಷ್ಯವೇ ಇಲ್ಲ ಅನ್ನುವವರು ಇದನ್ನು ಓದಬೇಕು.

ನಾಲ್ಕನೆಯದು: ಅಡಗಲು ಜಾಗ ಕೊಡಿ

ಗುಡುಗು, ದೀಪಾವಳಿ ಪಟಾಕಿ, ಊರ ಗಂಡುಬೆಕ್ಕು. ಇವಕ್ಕೆಲ್ಲ ಬೆಕ್ಕಿನ ಬಳಿ ಇರುವ ಉಪಾಯ ಒಂದೇ, ಅಡಗುವುದು. ಮಂಚದ ಕೆಳಗಿನಿಂದ ಎಳೆಯಬೇಡಿ. ರಟ್ಟಿನ ಪೆಟ್ಟಿಗೆಗೆ ಎರಡು ಬಾಯಿ ಕೊರೆದು, ಹಳೇ ಪಂಚೆ ಹಾಸಿ, ಎತ್ತರದ ಮೂಲೆಯಲ್ಲಿ ಇಡಿ. ನೆದರ್ಲೆಂಡ್ಸ್‌ನ ಉಟ್ರೆಕ್ಟ್ ವಿಶ್ವವಿದ್ಯಾಲಯದವರ 2014ರ ಅಧ್ಯಯನದಲ್ಲಿ, ಪೆಟ್ಟಿಗೆ ಸಿಕ್ಕ ಬೆಕ್ಕುಗಳು ಹೊಸ ಜಾಗಕ್ಕೆ ಬೇಗ ಒಗ್ಗಿಕೊಂಡವು. ಖರ್ಚಿಲ್ಲದ ಕೆಲಸ, ಅಲ್ವಾ?

ಐದನೆಯದು: ಅದಕ್ಕೆ ತಿಳಿಯದ ಅಪಾಯಗಳು

ಹೆಚ್ಚು ಗಮನ ಬೇಕಾದದ್ದು ಇಲ್ಲಿ.

ಒಲೆಯಿಂದಲೇ ಶುರು ಮಾಡೋಣ. ನಮಗೆ 44 ಡಿಗ್ರಿ ಸುಮಾರಿಗೆ ಚರ್ಮ ಚುರುಗುಟ್ಟುತ್ತದೆ, ಬೆಕ್ಕಿಗೆ ಅದು ಗೊತ್ತಾಗುವುದು 52 ಡಿಗ್ರಿ ಸುಮಾರಿಗೆ. ಮೀಸೆ, ರೋಮ ಸುಟ್ಟರೂ ಬೂದಿಯಲ್ಲಿ ಆರಾಮಾಗಿ ಮಲಗಿರುವುದು ಇದಕ್ಕೇ. ಬೆಳಿಗ್ಗೆ ಬಚ್ಚಲ ಒಲೆ ಹೊತ್ತಿಸುವ ಮೊದಲು ಒಮ್ಮೆ ಬಗ್ಗಿ ನೋಡಿ.

ಘಟ್ಟದ ಮೇಲೆ ಮಳೆಗಾಲದಲ್ಲಿ ಅಡಿಕೆಗೆ ಕೊಳೆಮದ್ದು, ಅಂದರೆ ಕೊಳೆರೋಗ ತಡೆಯುವ ಬೋರ್ಡೋ ದ್ರಾವಣ, ಹೊಡೆಯುತ್ತೇವೆ. 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ. ಡ್ರಮ್ಮಿನ ಸುತ್ತ ಚೆಲ್ಲಿದ್ದರ ಮೇಲೆ ಬೆಕ್ಕು ನಡೆದು ಹೋಗುತ್ತದೆ, ಆಮೇಲೆ ಕಾಲು ನೆಕ್ಕುತ್ತದೆ. ತನ್ನ ಮೈಗೆ ಅಂಟಿದ್ದನ್ನೆಲ್ಲ ಬೆಕ್ಕು ಹೊಟ್ಟೆಗೇ ಸೇರಿಸುತ್ತದೆ ಅನ್ನುವುದು ನೆನಪಿರಲಿ. ಮದ್ದು ಕದಡುವ ಜಾಗಕ್ಕೆ ಬಿಡಬೇಡಿ. ಬಣ್ಣ ಅಂಟಿದ್ದು ಕಂಡರೆ ತಕ್ಷಣ ನೀರಿನಲ್ಲಿ ತೊಳೆಯಿರಿ. ಫಿನಾಯಿಲ್ ಹಾಕಿ ಒರೆಸಿದ ನೆಲವೂ ಅಷ್ಟೇ, ಪೂರ್ತಿ ಒಣಗಲಿ.

ಕರಾವಳಿಯ ಕಥೆ ಬೇರೆ. ಕಾರವಾರದ ಬೈತಖೋಲ, ಗೋಕರ್ಣದ ಹತ್ತಿರದ ತದಡಿಯಂಥ ಬಂದರಿನ ಅಕ್ಕಪಕ್ಕ ಗಾಳದ ನೈಲಾನ್ ದಾರ ಎಲ್ಲೆಂದರಲ್ಲಿ ಬಿದ್ದಿರುತ್ತದೆ. ದಾರಕ್ಕೆ ಮೀನಿನ ವಾಸನೆ. ಬೆಕ್ಕಿನ ನಾಲಿಗೆಯ ಮುಳ್ಳುಗಳು ಗಂಟಲಿನ ಕಡೆ ಬಾಗಿರುವುದರಿಂದ ಒಮ್ಮೆ ಬಾಯಿಗೆ ಹೋದ ದಾರ ಒಳಗೇ ಹೋಗುತ್ತದೆ. ಬಾಯಿಂದ ತುಂಡು ಜೋತಾಡುತ್ತಿದ್ದರೆ ಎಳೆಯಲೇಬೇಡಿ. ಒಳಗೆ ಗಾಳ ಇರಬಹುದು, ದಾರ ಕರುಳನ್ನು ಕೊಯ್ಯಲೂಬಹುದು. ಹಾಗೇ ಡಾಕ್ಟರ ಹತ್ತಿರ ಒಯ್ಯಿರಿ.

ಇನ್ನು ಔಷಧಿ. ಬೆಕ್ಕು ತಾನಾಗಿ ಮಾತ್ರೆ ತಿನ್ನುವುದು ಕಡಿಮೆ, ಮೈ ಬಿಸಿಯಾಗಿದೆ ಅಂತ ನಾವೇ ಕೊಡುತ್ತೇವೆ. 500 ಮಿಲಿಗ್ರಾಂನ ಒಂದು ಪ್ಯಾರಾಸಿಟಮಾಲ್ ಸಾಕು, ದೊಡ್ಡ ಬೆಕ್ಕೂ ಸಾಯಬಹುದು. ಅದನ್ನು ಕರಗಿಸಿ ಹೊರಹಾಕುವ ಶಕ್ತಿ ಬೆಕ್ಕಿನ ಪಿತ್ತಜನಕಾಂಗಕ್ಕೆ ಇಲ್ಲ. ನಾಯಿಯ ಉಣುಗಿಗೆ ತಂದ ಪರ್ಮೆಥ್ರಿನ್ ಹನಿಯನ್ನು ಬೆಕ್ಕಿಗೆ ಹಾಕಿದರೆ ನಡುಕ, ಫಿಟ್ಸ್ ಬರುತ್ತದೆ. ಇಲಿಪಾಷಾಣ ಇಟ್ಟ ಮನೆಯಲ್ಲಿ, ಅದನ್ನು ತಿಂದ ಇಲಿಯನ್ನು ಹಿಡಿದರೂ ಅಪಾಯ.

ಭೂಕಂಪ, ಗುಡ್ಡ ಕುಸಿತ ಬೆಕ್ಕಿಗೆ ಮೊದಲೇ ಗೊತ್ತಾಗುತ್ತದೆಯಂತೆ ಅನ್ನುತ್ತಾರೆ. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದ ಮೇಲೆ ನಮ್ಮ ಕಡೆ ಇಂಥ ಮಾತಿಗೆ ಜನ ಕಿವಿಗೊಡುವುದು ಸಹಜ. ನನ್ನ ಮಟ್ಟಿಗೆ ಅದನ್ನು ನೆಚ್ಚಿ ಕೂರುವುದು ಬೇಡ. ಧರೆಯಲ್ಲಿ ಹೊಸ ಬಿರುಕು, ವಾಲಿದ ಮರ, ಇದ್ದಕ್ಕಿದ್ದಂತೆ ಕೆಂಪಾದ ಒರತೆ ನೀರು ಕಂಡರೆ ಹೊರಡಿ.

ಕೊನೆಯದು: ಆಸ್ಪತ್ರೆಗೆ ಯಾವಾಗ?

ಹೆದರಿ ಅಡಗಿದ ಬೆಕ್ಕು ಸಾಮಾನ್ಯವಾಗಿ ಕೆಲವು ಗಂಟೆಗಳಲ್ಲಿ ಹೊರಬಂದು ಊಟ ಮಾಡುತ್ತದೆ. ಒಂದು ದಿನ ಪೂರ್ತಿ ತಿನ್ನದಿದ್ದರೆ ತೋರಿಸಿ. ಜೊಲ್ಲು ಸೋರುವುದು, ಹಿಂಗಾಲು ಎಳೆಯುವುದು, ರೆಪ್ಪೆ ಜೋಲುವುದು, ಕಾಲೋ ಮುಖವೋ ಬಾತುಕೊಳ್ಳುವುದು, ಒಸಡು ನೀಲಿ ಅಥವಾ ಕಂದು ಬಣ್ಣಕ್ಕೆ ತಿರುಗುವುದು, ಇವುಗಳಲ್ಲಿ ಯಾವುದು ಕಂಡರೂ ಕಾಯಬೇಡಿ. ಹಾವು ಕಚ್ಚಿದ ಜಾಗ ಕೊಯ್ಯುವುದು, ಬಿಗಿಯಾಗಿ ಕಟ್ಟುವುದು ಬೇಡ. ಬುಟ್ಟಿಯಲ್ಲಿ ಮಲಗಿಸಿ, ಮೇಲೆ ಬಟ್ಟೆ ಮುಚ್ಚಿ, ಅಲುಗಾಡದಂತೆ ಪಶು ಆಸ್ಪತ್ರೆಗೆ ಒಯ್ಯಿರಿ. ಹಾವಿನ ಫೋಟೋ ಇದ್ದರೆ ತೋರಿಸಿ. ವಿಷ ತಿಂದಿದ್ದರೆ ಅದರ ಪ್ಯಾಕೆಟ್ಟನ್ನೇ ಜೊತೆಗೆ ತೆಗೆದುಕೊಂಡು ಹೋಗಿ. ಹೊರಡುವ ಮೊದಲು ಒಂದು ಫೋನ್ ಮಾಡಿ, ಡಾಕ್ಟರ್ ಇದ್ದಾರೋ, ಹಾವಿನ ವಿಷಕ್ಕೆ ಚುಚ್ಚುಮದ್ದು ಇದೆಯೋ ಕೇಳಿಕೊಳ್ಳಿ.

ಗಡಿಬಿಡಿಯಲ್ಲಿ ಬೆಕ್ಕು ನಿಮ್ಮನ್ನು ಕಚ್ಚಿದ್ದರೆ, ಪರಚಿದ್ದರೆ, ಗಾಯವನ್ನು ಹರಿಯುವ ನೀರಿನಲ್ಲಿ ಸೋಪು ಹಾಕಿ 15 ನಿಮಿಷ ತೊಳೆದು ನೀವೂ ಅದೇ ದಿನ ಆಸ್ಪತ್ರೆಗೆ ಹೋಗಿ, ರೇಬೀಸ್ ಚುಚ್ಚುಮದ್ದಿನ ಬಗ್ಗೆ ಕೇಳಿ. ಬೆಕ್ಕಿಗೂ ಮೂರು ತಿಂಗಳಾದಾಗ ಈ ಲಸಿಕೆ ಹಾಕಿಸಬೇಕು.